ಬುದ್ಧಿ ಅಳೆಯುವ ಕೋಲು ಧಾರವಾಡಕ್ಕೆ ಬಂದ ಕಥೆ

(ಇದು ವಿಡಿಯೋ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತಿನ ವಿಷಯ ಸ್ವಲ್ಪ ಗಂಭೀರವಾದದ್ದು. ಆದರೆ ಹೊರನಾಡಲ್ಲಿರೋ ನಮ್ಮಂಥ ಕನ್ನಡದ ಮನೆಗಳಿಗೆ ಬಹಳ ಹತ್ತಿರದ್ದು.

ಒಂದು ಮಗು ಇದೆ ಅಂತ ಇಟ್ಕೊಳ್ಳಿ. ಮನೇಲಿ ಕನ್ನಡ, ಕೆಳಗಡೆ ಆಟ ಆಡುವಾಗ ಮರಾಠಿಯೋ ತೆಲುಗೋ ಹಿಂದಿಯೋ, ಶಾಲೇಲಿ ಇಂಗ್ಲಿಷ್. ಮೂರನೇ ಕ್ಲಾಸಿಗೆ ಬಂದರೂ ಓದು ಹತ್ತುತ್ತಿಲ್ಲ. ಟೀಚರು ಕರೆದು, "ಒಂದ್ಸಲ ಟೆಸ್ಟ್ ಮಾಡಿಸಿಬಿಡಿ" ಅಂತಾರೆ. ಅಪ್ಪ ಅಮ್ಮನ ಎದೆ ಧಸಕ್ ಅನ್ನುತ್ತೆ. ಯಾವ ಟೆಸ್ಟ್? ಯಾವ ಭಾಷೇಲಿ? ಅದರಲ್ಲಿ ಬಂದ ಅಂಕಿ ಮಗುವಿನ ಬುದ್ಧಿಯದೋ, ಮಗುವಿನ ಇಂಗ್ಲಿಷಿನದೋ?

ಇಲ್ಲಿ ಎರಡು ಥರದ ಅನ್ಯಾಯ ಆಗಬಹುದು. ಬೌದ್ಧಿಕ ಅಂಗವೈಕಲ್ಯ ಇಲ್ಲದ ಮಗುವಿಗೆ ಅದು ಇದೆ ಅಂತ ಹಣೆಪಟ್ಟಿ ಅಂಟಿಸೋದು ಒಂದು. ನಿಜಕ್ಕೂ ಇರುವ ಮಗುವನ್ನು "ಭಾಷೆ ಬೇರೆ ಅಲ್ವಾ, ಅದಕ್ಕೇ ನಿಧಾನ, ತಾನೇ ಸರಿಹೋಗ್ತಾನೆ" ಅಂತ ಐದಾರು ವರ್ಷ ಹಾಗೇ ಬಿಟ್ಟುಬಿಡೋದು ಇನ್ನೊಂದು. ಮೊದಲನೇದರ ಬಗ್ಗೆ ಜಗತ್ತಿನಲ್ಲಿ ಕೋರ್ಟು ಕಚೇರಿ ಎಲ್ಲ ಆಗಿದೆ. ಎರಡನೇದು ಸದ್ದಿಲ್ಲದೆ ನಡೀತಾನೇ ಇದೆ.

ಈ ಗೊಂದಲಕ್ಕೆ ನೂರಿಪ್ಪತ್ತು ವರ್ಷದ ಇತಿಹಾಸ ಇದೆ. ಅದರ ಒಂದು ಎಳೆ ನಮ್ಮ ಧಾರವಾಡದ ಮೂಲಕವೇ ಹಾದುಹೋಗುತ್ತೆ. ಆ ಎಳೆ ಹಿಡಿದು ಹೋಗೋಣ.

ಪ್ಯಾರಿಸ್, 1905

ಫ್ರಾನ್ಸಿನಲ್ಲಿ 1882ರಲ್ಲಿ ಕಡ್ಡಾಯ ಶಿಕ್ಷಣದ ಕಾನೂನು ಬಂತು. ಅಲ್ಲೀತನಕ ಶಾಲೆಯ ಮುಖ ನೋಡದ ಮನೆಗಳ ಮಕ್ಕಳೂ ಬೆಂಚಿನ ಮೇಲೆ ಬಂದು ಕೂತರು. ಕೆಲವರಿಗೆ ಪಾಠ ಹತ್ತಲಿಲ್ಲ. ಇವರಲ್ಲಿ ಯಾರಿಗೆ ವಿಶೇಷ ತರಗತಿ ಬೇಕು ಅಂತ ಗುರುತಿಸೋದಕ್ಕೆ 1904ರಲ್ಲಿ ಸರ್ಕಾರ ಒಂದು ಆಯೋಗ ಮಾಡಿತು. ಅದರಲ್ಲಿದ್ದ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ, ತನ್ನ ಜೊತೆಗಾರ ಥಿಯೊಡೋರ್ ಸೀಮೊನ್ ಜೊತೆ ಸೇರಿ 1905ರಲ್ಲಿ 30 ಚಿಕ್ಕ ಚಿಕ್ಕ ಕೆಲಸಗಳ ಒಂದು ಪಟ್ಟಿ ತಂದ. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸೋದು, ಚಿತ್ರದಲ್ಲಿರೋ ವಸ್ತು ಹೆಸರಿಸೋದು, ಹೇಳಿದ ಅಂಕಿಗಳನ್ನು ತಿರುಗಿ ಹೇಳೋದು, ಹೀಗೆ ಸುಲಭದಿಂದ ಕಷ್ಟಕ್ಕೆ ಹೋಗುವ ಪಟ್ಟಿ.

ಬಿನೆ ಇದನ್ನು ಮಾಡಿದ್ದು ಮಕ್ಕಳಿಗೆ ದರ್ಜೆ ಕೊಡೋದಕ್ಕಲ್ಲ. ಟೀಚರಿಗೆ ಇಷ್ಟ ಆಗದ ತುಂಟ ಮಗುವನ್ನೂ, ನಿಜವಾಗಿ ಸಹಾಯ ಬೇಕಾದ ಮಗುವನ್ನೂ ಬೇರೆ ಮಾಡೋದಕ್ಕೆ. ಬುದ್ಧಿ ಅನ್ನೋದು ಹುಟ್ಟಿನಿಂದಲೇ ಎರಕ ಹೊಯ್ದ ವಸ್ತು ಅನ್ನುವವರನ್ನು ಅವನು 1909ರ ಪುಸ್ತಕದಲ್ಲಿ ಬಲವಾಗಿಯೇ ಟೀಕಿಸಿದ. ಗಮನ ನಿಲ್ಲಿಸೋದು, ನೆನಪಿಟ್ಟುಕೊಳ್ಳೋದು, ಇಂಥದ್ದನ್ನು ವ್ಯಾಯಾಮದ ಥರ ಕಲಿಸಬಹುದು ಅಂತ ವಿಶೇಷ ತರಗತಿಗಳಿಗೆ ಅಭ್ಯಾಸಗಳನ್ನೂ ರೂಪಿಸಿದ. 1911ರಲ್ಲಿ ತೀರಿಕೊಂಡ.

ಅಳತೆಗೆ ಬೆಲೆ ಬರೋದು ಅದಾದ ಮೇಲೆ ಮಗುವಿಗೆ ಏನಾದರೂ ಕಲಿಸಿದರೆ ಮಾತ್ರ. ಈ ಮಾತು ಮುಂದೆ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

ಸಮುದ್ರ ದಾಟಿದ ಮೇಲೆ

ಬಿನೆಯ ಪಟ್ಟಿಯನ್ನು ಅಮೆರಿಕಕ್ಕೆ ತಂದವನು ಹೆನ್ರಿ ಗಾಡರ್ಡ್. ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಅನ್ನೋ ಊರಿನ ತರಬೇತಿ ಶಾಲೆಯಲ್ಲಿ ಸಂಶೋಧಕನಾಗಿದ್ದ. ಅವನ ತಂಡ 1912–13ರಲ್ಲಿ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಹಡಗಿಳಿದು ಬರುವ ವಲಸಿಗರ ಮೇಲೆ ಟೆಸ್ಟ್ ಮಾಡಿತು. ಯಹೂದಿಗಳು, ಇಟಾಲಿಯನ್ನರು, ಹಂಗೇರಿಯವರು, ರಷ್ಯನ್ನರು. ವಾರಗಟ್ಟಲೆ ಹಡಗಿನ ಕೆಳಗಿನ ದರ್ಜೆಯಲ್ಲಿ ಬಂದವರು. ಅವರಲ್ಲಿ ಎಷ್ಟೋ ಜನ ಜೀವನದಲ್ಲಿ ಪೆನ್ಸಿಲ್ ಹಿಡಿದವರೇ ಅಲ್ಲ. ಅವರ ಕೈಗೆ ಪೆನ್ಸಿಲ್ ಕೊಟ್ಟು, ಒಂದು ಆಕೃತಿ ತೋರಿಸಿ, ನೆನಪಿನಿಂದ ಬರೀರಿ ಅಂದರು. ಮೂರು ನಿಮಿಷದಲ್ಲಿ ಅರವತ್ತು ಪದ ಹೇಳಿ ಅಂದರು.

1917ರಲ್ಲಿ ಅಚ್ಚಾದ ವರದಿಯ ಪ್ರಕಾರ ಟೆಸ್ಟ್ ಮಾಡಿದವರಲ್ಲಿ ಐದರಲ್ಲಿ ನಾಲ್ಕು ಜನ ಮಂದಬುದ್ಧಿಯವರು! ಯಾವ ಸಮಾಜದಲ್ಲಾದರೂ ಐದರಲ್ಲಿ ನಾಲ್ಕು ಜನ ಬುದ್ಧಿಮಾಂದ್ಯರಾಗಿ ಇರೋಕೆ ಸಾಧ್ಯನಾ? ಅಳತೆಗೋಲೇ ಸೊಟ್ಟ ಇದ್ದಿರಬೇಕು ಅಂತ ಆಗಲೇ ಹೊಳೀಬೇಕಿತ್ತು. ಅಲ್ಲಿದ್ದ ಒಬ್ಬ ದುಭಾಷಿ, "ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಕೇಳಿದ್ದರೆ ನನಗೂ ಇದು ಬರ್ತಿರಲಿಲ್ಲ" ಅನ್ನೋ ಅರ್ಥದಲ್ಲಿ ಹೇಳಿದ್ದನಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಡರ್ಡ್ ತನ್ನ ಕೆಲವು ನಿಲುವುಗಳನ್ನು ಕೈಬಿಟ್ಟದ್ದು 1928ರ ಹೊತ್ತಿಗೆ.

ಈ ನಡುವೆ 1916ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಈ ಪಟ್ಟಿಯನ್ನು ಹಿಗ್ಗಿಸಿ ಸ್ಟ್ಯಾನ್‌ಫರ್ಡ್-ಬಿನೆ ಪರೀಕ್ಷೆ ಮಾಡಿದ. ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸೋದು. ಅದೇ ಐಕ್ಯೂ. ಬಿನೆಯ ಕೈಯಲ್ಲಿ ಕಲಿಸುವವರ ಸಾಧನ ಆಗಿದ್ದದ್ದು ಈಗ ಹಣೆಬರಹ ಓದುವ ಅಂಕಿ ಆಯ್ತು.

ಧಾರವಾಡದ ಬಿನೆ

ಭಾರತಕ್ಕೆ ಬರೋಣ. 1929ರಲ್ಲಿ ಲಾಹೋರಿನ ಹರ್ಬರ್ಟ್ ರೈಸ್ ಹಿಂದೂಸ್ತಾನಿ ಭಾಷೆಯಲ್ಲಿ ಬಿನೆ ಪರೀಕ್ಷೆಯ ಒಂದು ರೂಪ ಪ್ರಕಟಿಸಿದರು. ಅದಾದ ಕೆಲವೇ ವರ್ಷಕ್ಕೆ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲಿ ವಿ. ವಿ. ಕಾಮತ್ ಅನ್ನೋ ಶಿಕ್ಷಣತಜ್ಞರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಮರುರೂಪಿಸಿದರು. 1934ರಲ್ಲಿ ಬ್ರಿಟಿಷ್ ಶೈಕ್ಷಣಿಕ ಮನೋವಿಜ್ಞಾನ ಪತ್ರಿಕೆಯಲ್ಲಿ ಅವರ ಲೇಖನ ಬಂತು. 1940ರಲ್ಲಿ ಭಾರತೀಯ ಮಕ್ಕಳ ಬುದ್ಧಿ ಅಳೆಯುವ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ ಆಕ್ಸ್‌ಫರ್ಡ್ ಪ್ರೆಸ್ಸಿನಿಂದ ಹೊರಬಂತು. ಈಗಲೂ ನಮ್ಮ ಆಸ್ಪತ್ರೆಗಳಲ್ಲಿ ಬಿಕೆಟಿ ಅಂತಾರಲ್ಲ, ಅದು ಬಿನೆ-ಕಾಮತ್ ಟೆಸ್ಟ್.

ಒಂದು ಕ್ಷಣ ಯೋಚನೆ ಮಾಡಿ. ದಿಲ್ಲಿಯಲ್ಲೋ ಚೆನ್ನೈನಲ್ಲೋ ಒಬ್ಬ ಮನಶ್ಶಾಸ್ತ್ರಜ್ಞರು ಇವತ್ತು ಮಗುವಿನ ಮುಂದೆ ಆ ಪೆಟ್ಟಿಗೆ ಬಿಚ್ಚಿದರೆ, ಅದರ ಮೂಲ ಇರೋದು ಧಾರವಾಡದ ಕನ್ನಡ-ಮರಾಠಿ ಮಕ್ಕಳ ಉತ್ತರಗಳಲ್ಲಿ.

ಕಾಮತ್ ಅವರ ಕೆಲಸ ಯಾಕೆ ದೊಡ್ಡದು ಅಂದರೆ, ಪರೀಕ್ಷೆಯನ್ನು ಬರೀ ಅನುವಾದ ಮಾಡಿದರೆ ಸಾಲದು. ಅಂಕಿ ತಿರುಗಿ ಹೇಳೋ ಪ್ರಶ್ನೆಯನ್ನೇ ತಗೊಳ್ಳಿ. ಇಂಗ್ಲಿಷಿನ 'ಒನ್, ಟೂ, ಫೈವ್, ನೈನ್' ಎಲ್ಲಾ ಒಂದೊಂದೇ ಉಸಿರು. ನಮ್ಮ 'ಒಂದು, ಎರಡು, ಐದು, ಒಂಬತ್ತು' ಉದ್ದ. ಹೇಳೋಕೆ ಹೆಚ್ಚು ಹೊತ್ತು ಹಿಡಿಯುವ ಅಂಕಿಗಳು ನೆನಪಿನಲ್ಲಿ ಕಡಿಮೆ ಉಳೀತವೆ ಅಂತ 1980ರಲ್ಲಿ ವೇಲ್ಸ್ ಭಾಷೆಯ ಅಧ್ಯಯನ ತೋರಿಸಿತು. ಅಂದರೆ ಅದೇ ಪ್ರಶ್ನೆ, ಭಾಷೆ ಬದಲಾದರೆ ತೂಕ ಬದಲಾಗುತ್ತೆ. ಆದ್ದರಿಂದ ಆ ಭಾಷೆಯ, ಆ ನೆಲದ ಮಕ್ಕಳಿಗೇ ಕೇಳಿ, ಯಾವ ವಯಸ್ಸಿನಲ್ಲಿ ಹೆಚ್ಚಿನವರಿಗೆ ಯಾವುದು ಬರುತ್ತೆ ಅಂತ ಹೊಸದಾಗಿ ಲೆಕ್ಕ ಹಾಕಬೇಕು. ಕಾಮತ್ ಹಿಡಿದದ್ದು ಆ ದಾರಿ.

ಆದರೆ ಯಾವ ಅಳತೆಗೋಲಿಗೂ ವಯಸ್ಸಾಗುತ್ತೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕದಂತೆ ಸರಾಸರಿ ಮೇಲೇರಿದೆ ಅಂತ ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದ. ಹಳೇ ಮಾನದಂಡದಲ್ಲಿ ಅಳೆದರೆ ಇವತ್ತಿನ ಮಗುವಿನ ಅಂಕ ಉಬ್ಬಿ ಕಾಣಬಹುದು. ಬೆಂಬಲ ಬೇಕಾದ ಮಗು ಗೆರೆಯ ಮೇಲೆ ಉಳಿದು, ಸರ್ಟಿಫಿಕೇಟೂ ಇಲ್ಲ, ಪರೀಕ್ಷೆಯಲ್ಲಿ ರಿಯಾಯಿತಿಯೂ ಇಲ್ಲ ಅನ್ನೋ ಹಾಗಾಗಬಹುದು. ಕೇಂದ್ರ ಸರ್ಕಾರದ 2018ರ ಅಂಗವೈಕಲ್ಯ ಮಾರ್ಗಸೂಚಿಯಲ್ಲೂ ಬಿಕೆಟಿಯ ಹೆಸರಿತ್ತು. ಹಾಗಾಗಿ ಇದು ಬರೀ ಮ್ಯೂಸಿಯಂ ವಿಷಯ ಅಲ್ಲ.

ಕ್ಯಾಲಿಫೋರ್ನಿಯಾದ ಎರಡು ಮೊಕದ್ದಮೆ

ಈ ವಿಷಯ ಕೋರ್ಟಿನ ಮೆಟ್ಟಿಲು ಹತ್ತಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಸೊಲೆಡಾಡ್ ಅನ್ನೋ ಕೃಷಿ ಪಟ್ಟಣದಲ್ಲಿ ಮೆಕ್ಸಿಕನ್ ಮೂಲದ ಒಂಬತ್ತು ಮಕ್ಕಳನ್ನು ಬುದ್ಧಿಮಾಂದ್ಯರ ತರಗತಿಗೆ ಹಾಕಿದ್ದರು. ಮನೆಮಾತು ಸ್ಪ್ಯಾನಿಷ್, ಟೆಸ್ಟ್ ಇಂಗ್ಲಿಷಿನಲ್ಲಿ. ಸ್ಪ್ಯಾನಿಷ್‌ನಲ್ಲಿ ಮತ್ತೆ ಟೆಸ್ಟ್ ಮಾಡಿದಾಗ ಸರಾಸರಿ 15 ಅಂಕದಷ್ಟು ಮೇಲೇರಿತು. ಒಂಬತ್ತು ಮಕ್ಕಳಲ್ಲಿ ಹೆಚ್ಚಿನವರು ಆ ತರಗತಿಗೆ ಸೇರಬೇಕಾದವರೇ ಅಲ್ಲ ಅಂತಾಯ್ತು. 'ಡಯಾನಾ' ಮೊಕದ್ದಮೆ ಅಂತ ಹೆಸರಾದ ಇದು 1970ರಲ್ಲಿ ರಾಜಿಯಲ್ಲಿ ಮುಗೀತು. ಮಕ್ಕಳನ್ನು ಅವರ ಮನೆಮಾತಿನಲ್ಲೂ ಪರೀಕ್ಷಿಸಬೇಕು ಅಂತ ರಾಜ್ಯ ಒಪ್ಪಿಕೊಂಡಿತು.

ಎರಡನೇದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1971ರಲ್ಲಿ ಹೂಡಿದ 'ಲ್ಯಾರಿ ಪಿ.' ಮೊಕದ್ದಮೆ. ಇಲ್ಲಿ ಭಾಷೆ ಇಂಗ್ಲಿಷೇ. ಆದರೆ ಮಕ್ಕಳು ಕಪ್ಪು ಜನಾಂಗದವರು. 1968–69ರಲ್ಲಿ ರಾಜ್ಯದ ಶಾಲಾಮಕ್ಕಳಲ್ಲಿ ಕಪ್ಪು ಮಕ್ಕಳು ಶೇ. 9, ಬುದ್ಧಿಮಾಂದ್ಯರ ತರಗತಿಯಲ್ಲಿ ಶೇ. 27. 1979ರಲ್ಲಿ ನ್ಯಾಯಾಧೀಶ ರಾಬರ್ಟ್ ಪೆಕಮ್ ತೀರ್ಪು ಕೊಟ್ಟರು: ಐಕ್ಯೂ ಪರೀಕ್ಷೆ ಆಧಾರದ ಮೇಲೆ ಕಪ್ಪು ಮಕ್ಕಳನ್ನು ಈ ತರಗತಿಗಳಿಗೆ ಕಳಿಸುವಂತಿಲ್ಲ. ಆ ತರಗತಿಗಳು ಮಕ್ಕಳನ್ನು ಮುಂದಕ್ಕೆ ತರೋದಕ್ಕಲ್ಲ, ಅಲ್ಲೇ ಕೂರಿಸೋದಕ್ಕೆ ಇದ್ದವು ಅನ್ನೋದನ್ನೂ ಅವರು ಗಮನಿಸಿದರು. ಬಿನೆಯ ಉದ್ದೇಶ ಪೂರ್ತಿ ತಲೆಕೆಳಗಾಗಿತ್ತು. ಅಳೆಯೋದು ಉಳಿದಿತ್ತು, ಕಲಿಸೋದು ಹೋಗಿತ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಲಭ ಇತ್ತು. ಮರುವರ್ಷ, 1980ರಲ್ಲಿ, ಶಿಕಾಗೋದ ಇನ್ನೊಬ್ಬ ನ್ಯಾಯಾಧೀಶರು ಅದೇ ಪರೀಕ್ಷೆಗಳನ್ನು ಒಂದೊಂದೇ ಪ್ರಶ್ನೆ ಓದಿ, ಕೆಲವೇ ಪ್ರಶ್ನೆಗಳಲ್ಲಿ ಪಕ್ಷಪಾತ ಇದೆ, ಉಳಿದವು ಸರಿ ಅಂದರು. ಕ್ಯಾಲಿಫೋರ್ನಿಯಾದಲ್ಲಿ 1986ರಲ್ಲಿ ನಿಷೇಧವನ್ನು ಇನ್ನಷ್ಟು ಬಿಗಿ ಮಾಡಿದಾಗ ಕೆಲವು ಕಪ್ಪು ಪೋಷಕರೇ ಕೋರ್ಟಿಗೆ ಹೋದರು. "ನಮ್ಮ ಮಗುವಿಗೆ ಕಲಿಕೆಯ ತೊಂದರೆ ಇದೆ, ಟೆಸ್ಟ್ ಬೇಕು ಅಂದರೆ ಬಣ್ಣ ನೋಡಿ ಆಗಲ್ಲ ಅಂತೀರಲ್ಲ" ಅನ್ನೋದು ಅವರ ದೂರಿನ ತಿರುಳು. ಆ ಬಿಗಿಯನ್ನು 1990ರ ದಶಕದಲ್ಲಿ ಸಡಿಲಿಸಬೇಕಾಯ್ತು. ಮೊದಲಿಗೆ ಹೇಳಿದ ಎರಡು ಥರದ ಅನ್ಯಾಯಗಳೂ ಇಲ್ಲಿ ಒಂದೇ ರಾಜ್ಯದಲ್ಲಿ ಎದುರುಬದುರು ನಿಂತಿದ್ದವು.

ಇನ್ನೊಂದು ಸಂಗತಿ. 1959ರ ಅಮೆರಿಕನ್ ವ್ಯಾಖ್ಯೆಯಲ್ಲಿ ಬುದ್ಧಿಮಾಂದ್ಯದ ಗೆರೆ ಐಕ್ಯೂ 85ರ ಹತ್ತಿರ ಇತ್ತು. 1973ರಲ್ಲಿ ಅದನ್ನು 70ರ ಹತ್ತಿರಕ್ಕೆ ಇಳಿಸಿದರು. ಪುಸ್ತಕದಲ್ಲಿ ಒಂದು ಗೆರೆ ಸರಿದದ್ದಕ್ಕೆ ಲೆಕ್ಕವಿಲ್ಲದಷ್ಟು ಜನ ಆ ಪಟ್ಟಿಯಿಂದ ಹೊರಗೆ ಬಂದರು. ಅವರ ತಲೆಯೊಳಗೆ ಏನೂ ಬದಲಾಗಿರಲಿಲ್ಲ.

ಚಾಕುವಿನ ಬದಲು ಅನ್ನ

1970ರಲ್ಲಿ ಅಮೆರಿಕದ ಅಧ್ಯಕ್ಷರ ಸಮಿತಿಯೊಂದರ ವರದಿ ಒಂದು ಮಾತು ಚಾಲ್ತಿಗೆ ತಂತು. ದಿನಕ್ಕೆ ಆರೇ ಗಂಟೆ ಬುದ್ಧಿಮಾಂದ್ಯ ಆಗುವ ಮಗು. ಅಂದರೆ ಶಾಲೆಯ ಹೊತ್ತಿನಲ್ಲಿ ಮಾತ್ರ. ಗಂಟೆ ಹೊಡೆದು ಮನೆಗೆ ಹೋದ ಮೇಲೆ ತಮ್ಮನನ್ನು ನೋಡಿಕೊಳ್ತಾನೆ, ಅಂಗಡಿಗೆ ಹೋಗ್ತಾನೆ, ಚಿಲ್ಲರೆ ಸರಿಯಾಗಿ ತರ್ತಾನೆ. ಹೀಗಾಗಿ ಐಕ್ಯೂ ಒಂದೇ ಸಾಲದು, ದಿನನಿತ್ಯದ ಬದುಕಿನಲ್ಲಿ ಮಗು ಏನೇನು ಮಾಡುತ್ತೆ ಅಂತಲೂ ನೋಡಬೇಕು ಅನ್ನೋ ತಿಳಿವಳಿಕೆ ಗಟ್ಟಿಯಾಯ್ತು. 1975ರ ಅಮೆರಿಕದ ಕಾನೂನು ಮಗುವಿನ ಭಾಷೆಯಲ್ಲೇ ಪರೀಕ್ಷೆ ಆಗಬೇಕು, ಒಂದೇ ಪರೀಕ್ಷೆ ನಂಬಿ ತೀರ್ಮಾನ ಮಾಡಬಾರದು ಅಂತ ಹೇಳಿತು.

ದಿನನಿತ್ಯದ ಬದುಕು ಅಳೆಯುವ ಮಾಪಕ ಹುಟ್ಟಿದ್ದೂ ಗಾಡರ್ಡ್ ಇದ್ದ ಅದೇ ವೈನ್‌ಲ್ಯಾಂಡಿನಲ್ಲಿ. 1930ರ ದಶಕದಲ್ಲಿ ಎಡ್ಗರ್ ಡಾಲ್ ಮಾಡಿದ್ದು. ನಮ್ಮಲ್ಲಿ ನಾಗಪುರದ ಎ. ಜೆ. ಮಾಲಿನ್ ಅದನ್ನು ಭಾರತಕ್ಕೆ ಹೊಂದಿಸಿದರು. ಮೂಲದಲ್ಲಿ ಊಟದ ಚಾಕು ಬಳಸೋಕೆ ಬರುತ್ತಾ ಅನ್ನೋ ಪ್ರಶ್ನೆಗಳಿದ್ದವು. ನಮ್ಮ ಎಷ್ಟು ಮನೆಗಳಲ್ಲಿ ಏಳೆಂಟು ವರ್ಷದ ಮಗುವಿನ ಕೈಗೆ ಚಾಕು ಕೊಡ್ತೀವಿ? ಭಾರತೀಯ ರೂಪದಲ್ಲಿ ಯಾರ ಸಹಾಯವೂ ಇಲ್ಲದೆ ಅನ್ನ ಸರಿಯಾಗಿ ಕಲಸಿಕೊಳ್ತಾನಾ ಅನ್ನೋ ಪ್ರಶ್ನೆ ಬಂತು. ಎಷ್ಟು ಸಣ್ಣ ಬದಲಾವಣೆ, ಎಷ್ಟು ದೊಡ್ಡ ವ್ಯತ್ಯಾಸ! ಸಾರು ಎಷ್ಟು ಹಾಕಬೇಕು, ಬಿಸಿ ಎಷ್ಟಿದೆ, ಬೆರಳಲ್ಲಿ ತುತ್ತು ಹೇಗೆ ಮಾಡಬೇಕು, ಇದೂ ಬುದ್ಧಿಯೇ. ಅನ್ನದ ಬದಲು ಜೋಳದ ರೊಟ್ಟಿ ತಿನ್ನುವ ಕಲಬುರಗಿ ಕಡೆ ಮನೆಯವರಾದರೆ ಮುರಿದು ಪಲ್ಯದಲ್ಲಿ ಅದ್ದಿ ತಿನ್ನೋದನ್ನು ಕೇಳಬೇಕು. ಅಳೆಯುವವರಿಗೆ ಆ ಮನೆ ಗೊತ್ತಿರಬೇಕು ಅನ್ನೋದು ಇದಕ್ಕೇ.

ಕಲಿಸುವ ಕಡೆಯೂ ನಮ್ಮ ನಗರಗಳಲ್ಲಿ ದೊಡ್ಡ ಕೆಲಸ ನಡೆದಿದೆ. ಮುಂಬೈನಲ್ಲಿ 1944ರಲ್ಲಿ ಹೊರ್ಮಸ್ಜಿ ಮತ್ತು ತೆಹ್ಮಿನಾ ವಕೀಲ್ ಅನ್ನೋ ಪಾರ್ಸಿ ದಂಪತಿ, ಡೌನ್ ಸಿಂಡ್ರೋಮ್ ಇದ್ದ ತಮ್ಮ ಮಗಳಿಗೆ ಶಾಲೆ ಸಿಗದೆ ಮನೆಯಲ್ಲೇ ಶುರು ಮಾಡಿದ್ದು ಜೈ ವಕೀಲ್ ಶಾಲೆ. 1970ರ ದಶಕದಲ್ಲಿ ಚೆನ್ನೈನಲ್ಲಿ ಜಯಚಂದ್ರನ್ ಮತ್ತು ವಿಮಲಾ ಅವರು ಮದ್ರಾಸ್ ಪದ್ಧತಿ ಅಂತಲೇ ಹೆಸರಾದ ಪಟ್ಟಿ ಮಾಡಿದರು. 18 ವಿಭಾಗ, 360 ಕೆಲಸ. ಊಟ, ಬಟ್ಟೆ, ಮಾತು, ಹಣ, ಸಮಯ, ಮನೆಗೆಲಸ. ಅಲ್ಲಿ ಐಕ್ಯೂ ಅಂಕಿ ಇಲ್ಲ. ಈ ಮಗುವಿಗೆ ಇದು ಬರುತ್ತೆ, ಇದು ಇನ್ನೂ ಬರಬೇಕು, ಮುಂದಿನ ಮೂರು ತಿಂಗಳು ಇದನ್ನು ಕಲಿಸೋಣ, ಅಷ್ಟೇ. ಬಿನೆ ಬದುಕಿದ್ದರೆ ಖುಷಿಪಡ್ತಿದ್ದ. 1984ರಲ್ಲಿ ಸಿಕಂದರಾಬಾದಿನಲ್ಲಿ ಇದಕ್ಕೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಬಂತು. ಮೈಸೂರಿನ ಜೆ. ಭರತ್ ರಾಜ್ ಅವರ ಬೆಳವಣಿಗೆ ತಪಾಸಣಾ ಪಟ್ಟಿ ಈಗಲೂ ದೇಶದ ಎಷ್ಟೋ ಕ್ಲಿನಿಕ್ಕುಗಳಲ್ಲಿ ಬಳಕೆಯಲ್ಲಿದೆ.

"ಮನೇಲಿ ಕನ್ನಡ ಬಿಡಿ" ಅನ್ನೋ ಸಲಹೆ

ಈಗ ಹೊರನಾಡಿನ ಮನೆಗಳಿಗೆ ನೇರವಾಗಿ ತಟ್ಟುವ ವಿಷಯ. ಬೌದ್ಧಿಕ ಅಂಗವೈಕಲ್ಯ ನಿಜವಾಗಿಯೇ ಇರುವ ಮಗುವಿನ ಪೋಷಕರಿಗೆ ಬಹಳ ಸಲ ಸಿಗುವ ಸಲಹೆ ಇದು: "ಮಗುವಿಗೆ ಒಂದೇ ಭಾಷೆ ಕಷ್ಟ, ಮೂರು ಭಾಷೆ ಯಾಕೆ? ಮನೇಲೂ ಶಾಲೆಯ ಭಾಷೆಯನ್ನೇ ಮಾತಾಡಿ." ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಕೆನಡಾದಲ್ಲಿ ಎಲಿಜಬೆತ್ ಕೇ-ರೇನಿಂಗ್ ಬರ್ಡ್ ಮತ್ತು ಸಂಗಡಿಗರು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಒಂದೇ ಭಾಷೆಯವರನ್ನೂ ಎರಡು ಭಾಷೆಯವರನ್ನೂ ಹೋಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡನೇ ಭಾಷೆಯಿಂದ ಇಂಗ್ಲಿಷಿಗೆ ಹಾನಿಯಾದ ಲಕ್ಷಣ ಕಾಣಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಿ. ಈ ಮಗು ಜೀವನಪೂರ್ತಿ ಯಾರ ಜೊತೆ ಇರುತ್ತೆ? ಅಪ್ಪ ಅಮ್ಮ, ಅಜ್ಜಿ, ಅಕ್ಕ, ದೊಡ್ಡಪ್ಪ, ಊರಿನ ಜಾತ್ರೆಗೆ ಹೋದಾಗ ಸಿಗುವ ನೆಂಟರು. ಅಲ್ಲೆಲ್ಲ ನಡೆಯೋದು ಕನ್ನಡ. ಇಂಗ್ಲಿಷ್ ಸರಿಯಾಗಿ ಬಾರದ ಅಜ್ಜಿ, "ಕಮ್, ಸಿಟ್, ಈಟ್" ಅಂತ ಮೂರು ಪದಕ್ಕೆ ನಿಂತುಬಿಟ್ಟರೆ, ಮಗು ಕಳೆದುಕೊಳ್ಳೋದು ಒಂದು ಭಾಷೆ ಮಾತ್ರ ಅಲ್ಲ, ದಿನಕ್ಕೆ ನಾಲ್ಕು ಗಂಟೆಯ ಮಾತು. ಮಾತು ಕಡಿಮೆ ಇರುವ ಮಗುವಿಗೆ ಮಾತನ್ನೇ ಕಡಿಮೆ ಮಾಡಿದ ಹಾಗೆ. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮೂ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲೇ ಕಲಿಸಬೇಕು ಅನ್ನುತ್ತೆ. ಆ 'ಸಾಧ್ಯವಾದಷ್ಟು' ಅನ್ನೋ ಸಂದಿಯಲ್ಲಿ ಏನೇನು ನುಸುಳುತ್ತೆ ಅನ್ನೋದು ಬೇರೆ ಮಾತು.

ಹಾಗಾದರೆ ತರಗತಿಯಲ್ಲಿ ಏನು?

ಮೂವತ್ತು ಮಕ್ಕಳ ತರಗತಿಯಲ್ಲಿ ಆರು ಮನೆಮಾತು ಇದ್ದಾಗ ಟೀಚರಮ್ಮ ಎಲ್ಲಾ ಭಾಷೆ ಕಲಿಯೋಕೆ ಆಗಲ್ಲ, ನಿಜ. ಆದರೆ ಈ ಇತಿಹಾಸದಿಂದ ಮೂರು ವಿಷಯ ತಗೋಬಹುದು.

ಒಂದು, ಕೇಳುವ ಪ್ರಶ್ನೆ. "ಇವನಿಗೆ ಏನು ಬರಲ್ಲ?" ಅನ್ನೋದರ ಜೊತೆಗೆ "ಬೆಳಗ್ಗೆ ಎದ್ದಾಗಿಂದ ಮನೇಲಿ ಏನೇನು ಮಾಡ್ತಾನೆ?" ಅಂತ ಕೇಳಬೇಕು. ಅಮ್ಮನಿಗೆ ಇಂಗ್ಲಿಷ್ ಮಾತಾಡೋಕೆ ಸಂಕೋಚ ಇದ್ದರೆ ಅಕ್ಕಪಕ್ಕದ ಕನ್ನಡದವರನ್ನು ಜೊತೆಗೆ ಕರೆಸಿ ಕೇಳಬೇಕು. ದೊಡ್ಡವರ ಮುಂದೆ ತಲೆ ತಗ್ಗಿಸಿ ನಿಲ್ಲೋದು ಕೆಲವು ಮನೆಗಳಲ್ಲಿ ಮರ್ಯಾದೆ. ಅದನ್ನು 'ಕಣ್ಣಲ್ಲಿ ಕಣ್ಣಿಟ್ಟು ನೋಡಲ್ಲ' ಅಂತ ದೋಷದ ಪಟ್ಟಿಗೆ ಸೇರಿಸೋ ಮುಂಚೆ ಒಂದು ಮಾತು ವಿಚಾರಿಸಬೇಕು.

ಎರಡು, ಕಲಿಸುವ ವಸ್ತು. ಬೌದ್ಧಿಕ ಅಂಗವೈಕಲ್ಯ ಇರುವ ಮಗುವಿಗೆ ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಬಳಸೋದು ಕಷ್ಟ. ಪ್ಲಾಸ್ಟಿಕ್ ನಾಣ್ಯದಲ್ಲಿ ಕಲಿತ ಲೆಕ್ಕ ಅಂಗಡಿಗೆ ಹೋಗಲ್ಲ. ಹತ್ತು ರೂಪಾಯಿ ಕೊಟ್ಟು ಕೊತ್ತಂಬರಿ ಕಟ್ಟು ತರೋದನ್ನೇ ಕಲಿಸಿ. ರಂಗೋಲಿ ಚುಕ್ಕಿ ಎಣಿಸೋದು, ಟವೆಲ್ ಮಡಚೋದು, ಹಬ್ಬಕ್ಕೆ ಮಾವಿನೆಲೆ ಪೋಣಿಸೋದು, ಎಲ್ಲವೂ ಪಾಠವೇ. ಕೆಲಸವನ್ನು ಚಿಕ್ಕ ಹೆಜ್ಜೆಗಳಾಗಿ ಒಡೆದು, ಕೊನೆಯ ಹೆಜ್ಜೆಯಿಂದ ಹಿಂದಕ್ಕೆ ಕಲಿಸೋ ಒಂದು ಕ್ರಮ ಇದೆ. ಟವೆಲ್ ನೀವೇ ಮಡಚಿ, ಕೊನೆಯ ಒಂದು ಮಡಿಕೆ ಮಗುವಿಗೆ ಬಿಡಿ. ಪ್ರತಿಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದ್ದೇ. ಆಮೇಲೆ ಕೊನೆಯ ಎರಡು ಮಡಿಕೆ, ಹೀಗೆ.

ಮೂರು, ಮನೆ ಮತ್ತು ಶಾಲೆಯ ನಡುವಿನ ಸೇತುವೆ. ಶಾಲೇಲಿ 'ವಾಟರ್' ಅಂತ ಚಿತ್ರ ತೋರಿಸಿ ಕಲಿಸಿದರೆ, ಅದೇ ಚಿತ್ರದ ಹಿಂದೆ 'ನೀರು' ಅಂತ ಬರೆದು ಮನೆಗೆ ಕಳಿಸಿ. ಚಿತ್ರ ಒಂದೇ, ಹೆಸರು ಎರಡು. ಖರ್ಚು ಏನೂ ಇಲ್ಲ.

ಪೋಷಕರಿಗೂ ಒಂದು ಮಾತು. ನಿಮ್ಮ ಮಗುವಿಗೆ ಟೆಸ್ಟ್ ಮಾಡುವಾಗ ಯಾವ ಭಾಷೇಲಿ ಮಾಡಿದಿರಿ, ಯಾವ ಟೆಸ್ಟ್, ದಿನನಿತ್ಯದ ಕೆಲಸಗಳ ಮಾಪಕವನ್ನೂ ಸೇರಿಸಿದ್ದೀರಾ ಅಂತ ಕೇಳೋದು ಉದ್ಧಟತನ ಅಲ್ಲ, ನಿಮ್ಮ ಹಕ್ಕು. ಉತ್ತರವನ್ನು ವರದಿಯಲ್ಲಿ ಬರೆಸಿಕೊಳ್ಳಿ. ಹಾಗೆಯೇ, ತೊಂದರೆ ಇದೆ ಅಂತ ಸರಿಯಾದ ಪರೀಕ್ಷೆಯಲ್ಲಿ ಗೊತ್ತಾದರೆ ನೆಂಟರು ಏನಂತಾರೆ, ಅಕ್ಕನ ಮದುವೆಗೆ ಅಡ್ಡಿಯಾಗುತ್ತಾ ಅಂತ ಮುಚ್ಚಿಡಬೇಡಿ. ಮಗು ಐದು ವರ್ಷದ್ದಿದ್ದಾಗ ಸಿಗೋ ಸಮಯ ಹದಿನೈದಕ್ಕೆ ಸಿಗಲ್ಲ.

ವರದಿ ಕೈಗೆ ಬಂದಾಗ ಅಂಕಿ ನೋಡಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: "ಸರಿ, ನಾಳೆಯಿಂದ ಇವನಿಗೆ ಏನು ಕಲಿಸೋಣ?" ಅದಕ್ಕೆ ಉತ್ತರ ಇಲ್ಲದ ವರದಿ ಎಷ್ಟೇ ದಪ್ಪ ಇದ್ದರೂ ಅರ್ಧವೇ.

ಇವತ್ತಿಗೆ ಇಷ್ಟು. ನಿಮಗೆ ಗೊತ್ತಿರುವ ಟೀಚರು ಯಾರಾದರೂ ಇದ್ದರೆ ಅವರಿಗೂ ಇದನ್ನು ತಲುಪಿಸಿ.